ಅರ್ಧಕ್ಕೆ ನಿಂತ ಸಿನಿಮಾಗಳ ಸಾಲು

"ಅದು ಬೇಡ."

ಟಿವಿ ಅಂಗಡಿಯ ಕೌಂಟರಿನ ಆಚೆ ನಿಂತಿದ್ದ ಮನುಷ್ಯ ಇಷ್ಟೇ ಹೇಳಿ, ಅವಳ ಕೈಯಲ್ಲಿದ್ದ ಡಬ್ಬಿಯನ್ನು ತೆಗೆದುಕೊಂಡು ಮತ್ತೆ ಗಾಜಿನ ಕಪಾಟಿನೊಳಗೆ ಇಟ್ಟುಬಿಟ್ಟ!

ಪುಟ್ಟಿಗೆ ಒಂದು ಕ್ಷಣ ಏನಾಯಿತೆಂದೇ ಹೊಳೆಯಲಿಲ್ಲ. ಅಂಗಡಿಯವರು ಬೇಡದ ಸಾಮಾನನ್ನೂ ತಲೆಗೆ ಕಟ್ಟಿ ಕಳಿಸುವುದನ್ನು ಕಂಡಿದ್ದಳು... ಗಿರಾಕಿಯ ಕೈಯಿಂದ ಕಿತ್ತುಕೊಳ್ಳುವವರನ್ನು ನೋಡಿದ್ದು ಇದೇ ಮೊದಲು.

ಪುಟ್ಟಿ ಎಂದರೆ ಪುಟ್ಟ ಹುಡುಗಿಯೇನೂ ಅಲ್ಲ, ವಯಸ್ಸು ಇಪ್ಪತ್ತೊಂಬತ್ತು. ಇದೇ ಬೀದಿಯ ತುದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನಕ್ಕೆ ಇಪ್ಪತ್ತು ಮೂವತ್ತು ಜನರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, 'ಮೊದಲನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?' ಎಂದು ಕೇಳುವುದೇ ಅವಳ ಕೆಲಸ. ಎರಡರಲ್ಲಿ ಒಂದನ್ನು ಆರಿಸುವುದು ಹೇಗೆಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಅದೂ ಸುಮ್ಮನೆ ಬಂದವಳಲ್ಲ. ಮನೆಯ ಹಳೆಯ ಟಿವಿಯಲ್ಲಿ ಇಂಟರ್ನೆಟ್ ಸಿನಿಮಾ ನೋಡಲು ಯಾವ ಸಾಧನ ಒಳ್ಳೆಯದು ಎಂದು ಒಂದು ವಾರ ಕೂತು ಓದಿದ್ದಳು. ಕೈಗೆಟುಕುವ ಬೆಲೆಯ ಮೂರನ್ನು ಆರಿಸಿ, ಫೋನಿನಲ್ಲಿ ಪಟ್ಟಿ ಮಾಡಿದ್ದಳು. ಒಂದು, ಅವನು ಈಗಷ್ಟೇ ಕಿತ್ತಿಟ್ಟದ್ದು, ಬಾಯಲ್ಲಿ ಹೇಳಿದರೆ ಮಾತು ಕೇಳುವ ರಿಮೋಟಿನದು. ಇನ್ನೊಂದು, ತುಂಬ ಸ್ಪಷ್ಟವಾದ ಫೋರ್-ಕೆ ಚಿತ್ರ ತೋರಿಸುವ ಪುಟ್ಟ ಪೆಟ್ಟಿಗೆ. ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು. ಸಾದಾ ಗುಂಡಿಗಳ ರಿಮೋಟು, ಹೇಳಿಕೊಳ್ಳುವಂಥ ಹೆಚ್ಚುಗಾರಿಕೆ ಏನೂ ಇಲ್ಲ.

"ಯಾಕೆ ಬೇಡ?" ಮುಖ ಗಂಟು ಹಾಕಿಕೊಂಡು ಕೇಳಿದಳು.

"ಯಾರಿಗೆ?"

"ನಮ್ಮಮ್ಮನಿಗೆ."

"ಟಿವಿ?"

"ಮೂವತ್ತೆರಡು ಇಂಚು. ಎಂಟು ವರ್ಷ ಹಳೇದು."

"ಹಾಗಾದ್ರೆ ಫೋರ್-ಕೆ ದಂಡ. ಇದು ತಗೊಳ್ಳಿ." ಅವನು ಆ ಮೂರನೆಯ, ಅಗ್ಗದ ಡಬ್ಬಿಯನ್ನು ಮುಂದೆ ತಳ್ಳಿದ.

ಉದ್ದಕ್ಕೆ, ತೆಳ್ಳಗೆ ಇದ್ದ. ಕುತ್ತಿಗೆಯಲ್ಲಿ ಕಪ್ಪು ಕೇಬಲ್ಲೊಂದು ನೇತಾಡುತ್ತಿತ್ತು. ಇಡೀ ಬೀದಿ ಅವನನ್ನು 'ವೈರು' ಎಂದು ಕರೆಯುವುದೇಕೆಂದು ಪುಟ್ಟಿಗೆ ಈಗ ತಿಳಿಯಿತು. ಆದರೆ ಮಾತಿಗೂ ರೇಷನ್ನೇ? ಮೂರು ಪದದ ಮೇಲೆ ನಾಲ್ಕನೆಯದು ಹೊರಡುವುದೇ ಇಲ್ಲವಲ್ಲ!

'ನನ್ನ ಸವೆದ ಚಪ್ಪಲಿ ನೋಡಿ ಅಗ್ಗದ್ದು ತೋರಿಸ್ತಿದ್ದಾನೆ...' ಅವಳ ಮೈಯೆಲ್ಲ ಉರಿಯಿತು.

"ನೋಡಿ, ನಮ್ಮಮ್ಮನಿಗೆ ಐದು ತಿಂಗಳ ಹಿಂದೆ ಸ್ಟ್ರೋಕ್ ಆಗಿದೆ. ಬಲಗೈ ಸರಿಯಾಗಿ ಆಡಲ್ಲ. ಗುಂಡಿ ಒತ್ತೋದು ಕಷ್ಟ. ಅದಕ್ಕೇ ಮಾತು ಕೇಳೋ ರಿಮೋಟು ಬೇಕು. ಅರ್ಥ ಆಯ್ತಾ?"

ಅವನ ಮುಖ ಸ್ವಲ್ಪ ಮೆತ್ತಗಾಯಿತು.

"ಅಮ್ಮ ಮಾತಾಡ್ತಾರಾ?"

ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಇಪ್ಪತ್ತೆರಡು ವರ್ಷ ಕೂತು, ಅಳುತ್ತ ಬಂದವರನ್ನು ಬರೀ ಮಾತಲ್ಲೇ ಸಮಾಧಾನ ಮಾಡಿ ಕಳಿಸುತ್ತಿದ್ದ ಅಮ್ಮ... ಈಗ 'ಆ' ಎನ್ನುತ್ತಾರೆ, 'ಬಾ' ಎನ್ನುತ್ತಾರೆ. ಹೇಳಬೇಕಾದದ್ದು ತಲೆಯಲ್ಲಿ ಇದೆ, ಬಾಯಿಗೆ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದರು.

"ಸ್ವಲ್ಪ ನಿಧಾನ," ಎಂದಳು.

"ಹಾಗಾದ್ರೆ ಖಂಡಿತ ಬೇಡ. ಆ ರಿಮೋಟು ಕಾಯಲ್ಲ."

"ನಮ್ಮಮ್ಮ ಮಾತಾಡ್ತಾರೆ ರೀ!" ಅವಳ ದನಿ ಅಂಗಡಿಯ ಆ ಗೋಡೆಯಿಂದ ಈ ಗೋಡೆಗೆ ಬಡಿಯಿತು. "ನೀವ್ಯಾರು ಅವರು ಮಾತಾಡಲ್ಲ ಅನ್ನೋಕೆ? ನನಗೆ ಅದೇ ಬೇಕು. ಪ್ಯಾಕ್ ಮಾಡಿ!"

ಅವನು ಡಬ್ಬಿಯನ್ನು ಮತ್ತೆ ಹೊರತೆಗೆದ. ಪುಟ್ಟಿ ಚೀಲ ಎತ್ತಿಕೊಂಡು ತಿರುಗಿಯೂ ನೋಡದೆ ಹೊರಟಳು.

* * *

ಮಾರನೆಯ ದಿನ ಭಾನುವಾರ. ಪುಟ್ಟಿಯೇ ಕೂತು ಎಲ್ಲ ಜೋಡಿಸಿದಳು. ಟಿವಿಯ ಪರದೆ ಬೆಳಗಿದಾಗ ಮೇಲ್ಮನೆ ಆಂಟಿ ಚಪ್ಪಾಳೆ ತಟ್ಟಿದರು. ಪುಟ್ಟಿ ಕೆಲಸಕ್ಕೆ ಹೋದಾಗ ಅಮ್ಮನ ಜೊತೆಗಿರುವವರು ಅವರೇ. ಕೂಗಳತೆಯ ನೆಂಟಸ್ತಿಕೆ, ರಕ್ತ ಸಂಬಂಧಕ್ಕಿಂತ ಒಂದು ಕೈ ಮೇಲು.

"ಅಮ್ಮಾ, ಈ ಗುಂಡಿ ಒತ್ತಿ ಹಿಡಿದು ಏನಾದ್ರೂ ಹೇಳು. 'ಹಾಡು' ಅನ್ನು. ಸಾಕು!"

ಅಮ್ಮ ಎಡಗೈಯಲ್ಲಿ ರಿಮೋಟು ಹಿಡಿದು, ಬಾಯಿ ತೆರೆದರು. ತುಟಿ ನಡುಗಿತು.

"ಆ... ಆ..."

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ," ಎಂದಿತು ಟಿವಿ. ಎಂಥ ವಿನಯ! ಎಂಥ ಸ್ಪಷ್ಟ ಉಚ್ಚಾರಣೆ!

"ಇನ್ನೊಂದ್ಸಲ ಅಮ್ಮಾ. ಹಾ... ಡು."

"ಆ... ಬಾ..."

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ."

ಅಮ್ಮ ಆರು ಸಲ ಪ್ರಯತ್ನಿಸಿದರು. ಆರು ಸಲವೂ ಅದೇ ಉತ್ತರ, ಅದೇ ನಯವಾದ ದನಿ. ಏಳನೆಯ ಸಲ ಅವರು ಬಾಯಿ ತೆರೆಯಲಿಲ್ಲ. ರಿಮೋಟನ್ನು ಬೋರಲು ಹಾಕಿ ಸೋಫಾದ ಮೇಲಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ಅಮ್ಮನಿಗೆ ಸುಸ್ತಾಗಿದೆ ಅಷ್ಟೇ," ಎಂದಳು ಪುಟ್ಟಿ, ಆಂಟಿ ಏನೂ ಕೇಳದಿದ್ದರೂ.

ಅದಾದ ಮೇಲೆ ಅಮ್ಮ 'ಆ' ಎನ್ನುವುದನ್ನೂ ನಿಲ್ಲಿಸಿದರು. ವಾರಕ್ಕೆರಡು ಸಲ ಮಾತು ಕಲಿಸಲು ಬರುತ್ತಿದ್ದ ಟೀಚರ್ ಎದುರಿಗೂ ಬಾಯಿ ಬಿಡಲಿಲ್ಲ. ಐದು ತಿಂಗಳು ಹಲ್ಲು ಕಚ್ಚಿ ಹಿಡಿದು ಸಂಪಾದಿಸಿದ್ದ ಎರಡು ಅಕ್ಷರಗಳೂ ಹೋದವು! 'ಅಮ್ಮನ ಬಾಯಿಗೆ ನಾನೇ ಬೀಗ ಹಾಕಿದೆ...' ಪುಟ್ಟಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು.

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಡಬ್ಬಿ ಹಿಡಿದು ವೈರುವಿನ ಅಂಗಡಿಯ ಮುಂದೆ ನಿಂತಳು. 'ನಾನು ಆವತ್ತೇ ಹೇಳಲಿಲ್ವಾ?' ಎನ್ನುತ್ತಾನೆ. ಅನ್ನಲಿ. ಅನ್ನಿಸಿಕೊಳ್ಳಬೇಕಾದದ್ದೇ.

ಅವನು ಡಬ್ಬಿ ನೋಡಿದ. ಅವಳ ಕಣ್ಣು ನೋಡಿದ.

"ಮನೆ ದೂರಾನಾ?"

"ಹಿಂದಿನ ಬೀದಿ."

"ನಡೀರಿ," ಎಂದವನೇ ಆ ಅಗ್ಗದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲು ಎಳೆದ.

* * *

ಮನೆಯಲ್ಲಿ ವೈರು ಮೊದಲು ಮಾಡಿದ ಕೆಲಸ ಟಿವಿಯ ಹತ್ತಿರ ಹೋಗುವುದಾಗಿರಲಿಲ್ಲ. ಅಮ್ಮನ ಎದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ.

"ಅಮ್ಮಾ, ನಿಮಗೆ ಹಳೇ ಸಿನಿಮಾ ಇಷ್ಟಾನಾ, ಹೊಸಾದಾ?"

"ಹಳೇದು. ಕಪ್ಪು ಬಿಳುಪು. ಹಾಡು ಜಾಸ್ತಿ ಇರಬೇಕು," ಎಂದಳು ಪುಟ್ಟಿ.

ಅವನು ಅವಳ ಕಡೆ ತಿರುಗಲೇ ಇಲ್ಲ. "ಅಮ್ಮಾ, ಶಬ್ದ ಜೋರಾಗಿ ಬೇಕಾ?"

"ಸ್ವಲ್ಪ ಜೋರಾಗೇ ಬೇಕು ಅವರಿಗೆ..."

"ಮೇಡಂ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅಮ್ಮನೇ ಹೇಳ್ಲಿ. ನಾನು ಕಾಯ್ತೀನಿ."

ಪುಟ್ಟಿ ನಾಲಿಗೆ ಕಚ್ಚಿಕೊಂಡಳು.

ಗಡಿಯಾರದ ಮುಳ್ಳು ಓಡುತ್ತಿತ್ತು. ಅರ್ಧ ನಿಮಿಷ... ಒಂದು ನಿಮಿಷ... ಅವಳಿಗೆ ಚಡಪಡಿಕೆ. ಅವನು ಮಾತ್ರ ಬಸ್ ಬರಲು ಇನ್ನೂ ಬೇಕಾದಷ್ಟು ಹೊತ್ತಿದೆ ಎಂಬಂತೆ ಆರಾಮಾಗಿ ಕೂತಿದ್ದ. ಕೊನೆಗೆ ಅಮ್ಮನ ಎಡಗೈ ಮೇಲೆದ್ದು, ಗಾಳಿಯಲ್ಲಿ ಕೆಳಕ್ಕೆ ಒತ್ತಿ ತೋರಿಸಿತು. ಕಡಿಮೆ. ಶಬ್ದ ಕಡಿಮೆ ಬೇಕು!

ಐದು ತಿಂಗಳಿಂದ ತಾನು ಜೋರಾಗಿ ಟಿವಿ ಹಾಕಿ ಅಮ್ಮನ ಕಿವಿ ಕೊರೆದಿದ್ದೇನೆ ಎಂದು ಪುಟ್ಟಿಗೆ ಗೊತ್ತಾದದ್ದು ಆಗಲೇ.

ಆಮೇಲೆ ವೈರು ಕೆಲಸಕ್ಕೆ ಇಳಿದ. ಟಿವಿಯ ಹಿಂದಿನ ಯುಎಸ್‌ಬಿ ತೂತಿನಿಂದ ಕರೆಂಟು ಕೊಟ್ಟರೆ ಸಾಲುವುದಿಲ್ಲ, ಆಗಾಗ ಆರಿಹೋಗುತ್ತದೆ ಎಂದು ಬೇರೆ ಅಡಾಪ್ಟರ್ ಹಾಕಿದ. ರಿಮೋಟಿನಲ್ಲಿ ಹದಿನಾರು ಗುಂಡಿಗಳಿದ್ದವು. ಕಪ್ಪು ಟೇಪು ಸುತ್ತಿ ಒಂಬತ್ತನ್ನು ಮುಚ್ಚಿದ. ಉಳಿದದ್ದು ಎಡ, ಬಲ, ಮೇಲೆ, ಕೆಳಗೆ, ನಡುವಿನ ದುಂಡನೆಯದು, ಹಿಂದಕ್ಕೆ ಹೋಗುವುದು, ಟಿವಿ ಹಾಕಿ ಆರಿಸುವುದು. ಇಷ್ಟೇ. ಎಡಗೈ ಹೆಬ್ಬೆರಳಿಗೆ ಸಲೀಸು.

ಸಿನಿಮಾ ಆ್ಯಪಿಗೆ ಬೇಕೆಂದು ತನ್ನ ಖಾತೆಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಡಿಸಿ ಮೇಜಿನ ಮೇಲಿಟ್ಟು ಪುಟ್ಟಿ ಚಹಾ ಮಾಡಲು ಒಳಗೆ ಹೋದಳು. ಲೋಟ ಹಿಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಕಪ್ಪು ಬಿಳುಪಿನ ನಾಯಕಿಯೊಬ್ಬಳು ಜೋಕಾಲಿಯಲ್ಲಿ ಹಾಡುತ್ತಿದ್ದಳು. ಅಮ್ಮ ತಮ್ಮ ಎಡಗೈಯಲ್ಲಿ ವೈರುವಿನ ಕೈಯನ್ನು ಹಿಡಿದುಕೊಂಡಿದ್ದರು. ಕಣ್ಣಲ್ಲಿ ನೀರು... ತುಟಿಯಲ್ಲಿ ನಗು.

ಚಹಾ ಲೋಟ ಅವನ ಕೈಗೆ ಕೊಡುವಾಗ ಪುಟ್ಟಿ ಯಾಕೋ ಸ್ವಲ್ಪ ಚಹಾ ನೆಲಕ್ಕೆ ಚೆಲ್ಲಿದಳು. 'ಚಹಾ ಬಿಸಿ ಇತ್ತು, ಅದಕ್ಕೇ,' ಎಂದು ತನಗೆ ತಾನೇ ಹೇಳಿಕೊಂಡಳು. ನಾವೂ ಸದ್ಯಕ್ಕೆ ನಂಬೋಣ.

* * *

ಆಮೇಲಿನ ಆರು ವಾರ ಮನೆಯ ಗಾಳಿಯೇ ಬದಲಾಯಿತು. ಅಮ್ಮನ 'ಆ' ಮರಳಿ ಬಂತು. ಬೆಳಿಗ್ಗೆ ತಾವೇ ಎದ್ದು ತಲೆ ಬಾಚಿಸಿಕೊಳ್ಳಲು ಬಾಚಣಿಗೆ ಮುಂದೆ ಹಿಡಿಯುತ್ತಿದ್ದರು. ಹನ್ನೊಂದು ಗಂಟೆಯಾದರೆ ಸಾಕು, ಟಿವಿಯ ಮುಂದೆ ಹಾಜರು!

ಇತ್ತ ವೈರು ಒಂದು ದಿನ ಕನ್ನಡಕದ ಅಂಗಡಿಗೆ ಬಂದು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತ.

"ಏನು ತೊಂದರೆ?" ಕತ್ತಲೆ ಕೋಣೆಯಲ್ಲಿ, ಅವನ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸುತ್ತ ಪುಟ್ಟಿ ಕೇಳಿದಳು. ಇಷ್ಟು ಹತ್ತಿರದಿಂದ ನೋಡಿದರೆ ಅವನ ರೆಪ್ಪೆಗಳು ಎಷ್ಟು ದಟ್ಟ! ಕೆಲಸ ಮಾಡು ಪುಟ್ಟಿ, ಕೆಲಸ...

"ಮೊದಲನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?"

"ಎರಡೂ."

"ಈಗ?"

"ಎರಡೂ."

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ರೀ!"

"ಗೊತ್ತು."

ಅವನು ಚೌಕಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಒಂದು ವಿಷಯ... ಹೇ... ನಿಮ್ಮ ಅಮ್ಮ..."

"ಅಮ್ಮ ಚೆನ್ನಾಗಿದ್ದಾರೆ! ನಿಮ್ಮನ್ನ ದಿನಾ ನೆನೆಸ್ಕೋತಾರೆ. ಅದೇ ತಾನೇ ಕೇಳ್ತಿರೋದು?"

ಅವನು ಬಾಯಿ ಮುಚ್ಚಿದ. ತಲೆಯಾಡಿಸಿ ಎದ್ದು ಹೋದ. ಮರುವಾರ ಮತ್ತೆ ಬಂದ, ಮತ್ತೆ ಹಾಗೇ ಹೋದ. ಪುಟ್ಟಿ ಆ ಎರಡು ದಿನವೂ ಸಂಜೆಯವರೆಗೆ ಒಬ್ಬಳೇ ನಗುತ್ತಿದ್ದಳು. 'ಹೇಳೋಕೆ ನಾಚಿಕೆ ಪಾಪ...' ಹೇಳಬೇಕಾದದ್ದು ಏನೆಂದು ಅವಳು ಆಗಲೇ ತೀರ್ಮಾನಿಸಿಯೂ ಆಗಿತ್ತು.

ಆದರೆ ಒಂದು ಶನಿವಾರ ಬೇಗ ಮನೆಗೆ ಬಂದು ಟಿವಿ ಹಾಕಿದವಳು ಅದರ ಮುಂದೆ ಗಕ್ಕನೆ ನಿಂತಳು.

ಆ್ಯಪ್ ತೆರೆದ ಕೂಡಲೇ ಪರದೆಯಲ್ಲಿ ಒಂದು ಸಾಲು ಬರುತ್ತದೆ, ಅರ್ಧಕ್ಕೆ ನಿಂತ ಸಿನಿಮಾಗಳ ಸಾಲು. ಪ್ರತಿ ಚಿತ್ರದ ಕೆಳಗೂ ಎಷ್ಟು ನೋಡಿ ಆಗಿದೆ ಎಂದು ತೋರಿಸುವ ಕೆಂಪು ಗೆರೆ. ಅಮ್ಮ ಅಂದು ಸುಸ್ತಾಗಿ ಬೆಳಿಗ್ಗೆಯಿಂದ ಮಲಗೇ ಇದ್ದರು. ಟಿವಿಯನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಬೆಳಿಗ್ಗೆ ಇಲ್ಲದ ಸಿನಿಮಾವೊಂದು ಸಾಲಿನ ಮೊದಲಲ್ಲಿ ಬಂದು ಕೂತಿತ್ತು!

"ಆಂಟಿ, ನೀವು ಏನಾದ್ರೂ ಹಾಕಿದ್ರಾ?"

"ನಾನಾ? ಆ ರಿಮೋಟು ಮುಟ್ಟಿದ್ರೆ ನಿಮ್ಮಮ್ಮ ನನ್ನ ಸುಮ್ಮನೆ ಬಿಡ್ತಾರಾ?"

ಪುಟ್ಟಿಗೆ ಏನೋ ಹೊಳೆಯಿತು. ಮೇಜಿನ ಮೇಲಿನ ಕಾಗದಗಳನ್ನೆಲ್ಲ ಆಂಟಿ ಎತ್ತಿಡುವ ಖಾನೆ ಎಳೆದಳು. ಅವಳು ಬರೆದುಕೊಟ್ಟಿದ್ದ ಪಾಸ್‌ವರ್ಡ್ ಚೀಟಿ ಮಡಿಕೆಯೂ ಬಿಚ್ಚದೆ ಅಲ್ಲೇ ಬಿದ್ದಿತ್ತು.

ಚಪ್ಪಲಿ ಮೆಟ್ಟಿಕೊಂಡು ನೇರ ಅವನ ಅಂಗಡಿಗೆ ನಡೆದಳು. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ದೊಡ್ಡ ಟಿವಿಯಲ್ಲಿ... ಅದೇ ಸಾಲು. ಅದೇ ಸಿನಿಮಾಗಳು. ಅಮ್ಮ ನಿನ್ನೆ ನೋಡಿ ನಿಲ್ಲಿಸಿದ್ದ ಜಾಗದಲ್ಲೇ ಕೆಂಪು ಗೆರೆ!

"ಇದು ಅಂಗಡಿ ಖಾತೆ ಅಲ್ವಾ? ಇದನ್ನೇ ನಮ್ಮನೇಲೂ ಹಾಕಿದ್ದೀರಾ?"

ವೈರುವಿನ ಮುಖ ಬಿಳಿಚಿತು.

"ಅಮ್ಮ ಯಾವಾಗ ಟಿವಿ ಹಾಕ್ತಾರೆ, ಏನು ನೋಡ್ತಾರೆ, ಎಲ್ಲಿ ನಿಲ್ಲಿಸ್ತಾರೆ... ಎಲ್ಲಾ ಇಲ್ಲಿ ಕೂತು ನೋಡ್ತಿದ್ರಾ? ಆರು ವಾರದಿಂದ? ನಮ್ಮ ಮನೆಯೊಳಗೆ ಇಣುಕಿ ನೋಡೋಕೆ ನಿಮಗೆ ಯಾರು ಹೇಳಿದ್ದು?"

"ಅದು... ನಾ... ನಾ..."

"ನಾನು ಬೇಕಂತ ಮಾಡಲಿಲ್ಲ ಅಂತಾನಾ? ಮರೆತುಹೋಯ್ತು ಅಂತಾನಾ? ಬೇಡ. ಏನೂ ಹೇಳಬೇಡಿ!"

ಅವನ ತುಟಿ ಚಲಿಸುತ್ತಲೇ ಇತ್ತು, ದನಿ ಹೊರಡಲಿಲ್ಲ. ಪುಟ್ಟಿ ಕಾಯಲಿಲ್ಲ. ಮನೆಗೆ ಬಂದವಳೇ ಆ ಖಾತೆಯನ್ನು ಟಿವಿಯಿಂದ ತೆಗೆದು ತನ್ನದನ್ನು ಹಾಕಿದಳು. ಸಾಲು ಖಾಲಿಯಾಯಿತು. 'ಇಷ್ಟಪಟ್ಟಿದ್ದೆನಲ್ಲ ಇವನನ್ನ...' ದಿಂಬಿಗೆ ಮುಖ ಒತ್ತಿ ಬಿಕ್ಕಳಿಸಿದಳು.

* * *

ಭಾನುವಾರ ಅಮ್ಮ ಹನ್ನೊಂದು ಗಂಟೆಗೆ ಟಿವಿ ಹಾಕಿದರು. ಖಾಲಿ. ಎಡಕ್ಕೆ ಒತ್ತಿದರು, ಬಲಕ್ಕೆ ಒತ್ತಿದರು. ಆರಿಸಿ ಮತ್ತೆ ಹಾಕಿದರು. ಪುಟ್ಟಿ ತಾನೇ ಒಂದು ಹಳೆಯ ಸಿನಿಮಾ ಹಾಕಿಕೊಟ್ಟರೆ ನೋಡದೆ ಕಣ್ಣು ಮುಚ್ಚಿದರು. ಸೋಮವಾರವೂ ಹಾಗೇ. ಮಂಗಳವಾರ ಊಟವನ್ನೂ ಅರ್ಧಕ್ಕೆ ಬಿಟ್ಟರು.

ಬುಧವಾರ ಪುಟ್ಟಿ ರಜೆ ಹಾಕಿ ಮನೆಯಲ್ಲೇ ಉಳಿದಳು. ಹನ್ನೊಂದಕ್ಕೆ ಅಮ್ಮ ರಿಮೋಟನ್ನು ಅವಳ ಮುಂದೆ ಹಿಡಿದರು. ತುಟಿ ನಡುಗಿತು.

"ಎ..."

"ಏನಮ್ಮಾ? ಎದೆ ನೋವಾ? ಎಬ್ಬಿಸಿ ಕೂರಿಸ್ಲಾ?"

ಅಮ್ಮ ಕಣ್ಣು ಮುಚ್ಚಿ ತಲೆಯಾಡಿಸಿದರು. ಅಲ್ಲ. ಅವರ ಮುಖದಲ್ಲಿ ಆಗ ಕಂಡ ಆಯಾಸ... ಅದನ್ನು ಪುಟ್ಟಿ ನಾಲ್ಕು ದಿನದ ಹಿಂದೆ ಇನ್ನೊಂದು ಮುಖದಲ್ಲಿ ನೋಡಿದ್ದಳು. ಬಾಯಿ ತೆರೆದು, ದನಿ ಹೊರಡದೆ, ತಾನು ಬಡಬಡಿಸುವುದನ್ನು ಕೇಳುತ್ತ ನಿಂತಿದ್ದ ಮುಖದಲ್ಲಿ.

ಅವಳು ಅಮ್ಮನ ಎದುರು ನೆಲದ ಮೇಲೆ ಕೂತಳು. ಬಾಯಿಗೆ ಬಂದ ಹತ್ತು ಮಾತುಗಳನ್ನು ನುಂಗಿದಳು. ಕಾದಳು.

ಮೇಲಿನ ಮನೆಯ ನಲ್ಲಿಯಲ್ಲಿ ನೀರು ಬಿದ್ದು ನಿಂತಿತು. ಬೀದಿಯಲ್ಲಿ ಸ್ಕೂಟರೊಂದು ಹೋಯಿತು. ಅಮ್ಮನ ಹಣೆಯಲ್ಲಿ ಬೆವರು.

"ಎ... ಎಲ್ಲಿ?"

ಪುಟ್ಟಿ ಇನ್ನೂ ಹತ್ತಿರ ಸರಿದಳು.

"ಹುಡುಗ... ಎಲ್ಲಿ?"

ಎರಡು ಮಾತು! ಪೂರ್ತಿ ಎರಡು ಮಾತು! ಪುಟ್ಟಿ ಅಮ್ಮನ ಮಡಿಲಿಗೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಅಳುವಿನ ನಡುವೆಯೇ ನಗುವೂ ಬಂತು. "ಆರು ತಿಂಗಳಿಂದ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾದವಳು ನಾನು, ನಿನ್ನ ಮೊದಲನೇ ಮಾತು ಅವನಿಗಾ ಅಮ್ಮಾ!"

ಗಲಾಟೆ ಕೇಳಿ ಮೇಲ್ಮನೆ ಆಂಟಿ ಓಡಿ ಬಂದರು. ವಿಷಯ ತಿಳಿದು ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕೇಳದೇ ಇರ್ತಾರಾ? ದಿನಾ ಆ ಸಾಲು ನೋಡಿ ಎಷ್ಟು ನಗ್ತಿದ್ರು ಗೊತ್ತಾ? ಯಾವುದೋ ಸಿನಿಮಾ ಸರಿಯಾಗಿ ಹಾಡು ಶುರುವಾಗೋ ಜಾಗಕ್ಕೆ ನಿಂತಿರೋದು. ಇವರು ಒತ್ತಿದ ಕೂಡ್ಲೇ ಹಾಡು! ಅದು ಮುಗಿದ್ಮೇಲೆ ಇವರು ಹುಡುಕಿ ಹುಡುಕಿ ಇನ್ನೊಂದು ಸಿನಿಮಾನ ಎಲ್ಲೋ ಒಂದು ಕಡೆ ನಿಲ್ಲಿಸಿ ಇಡೋರು. ಮಾರನೇ ದಿನ ನೋಡಿದ್ರೆ ಅದಕ್ಕೆ ಜವಾಬು ಬಂದಿರೋದು. ಒಂದ್ಸಲ ನಾಯಕಿ ಕೋಪ ಮಾಡ್ಕೊಳ್ಳೋ ಜಾಗಕ್ಕೆ ಇವರು ನಿಲ್ಲಿಸಿದ್ರೆ, ಆ ಕಡೆಯಿಂದ ನಾಯಕ ಕಿವಿ ಹಿಡ್ಕೊಂಡು ಬಸ್ಕಿ ಹೊಡೆಯೋ ಜಾಗ! ನಾನು ಟಿವಿನೇ ಹಾಗೆ ಅನ್ಕೊಂಡಿದ್ದೆ ಕಣೇ..."

ಅವನು ಅಂಗಡಿಯ ಖಾತೆ ಹಾಕುವಾಗ ಅಮ್ಮ ಎದುರಿಗೇ ಕೂತಿದ್ದರಲ್ಲ, ಆ ಕಡೆ ಇರುವುದು ಯಾರೆಂದು ಅವರಿಗೆ ಗೊತ್ತಿತ್ತು. ಇಣುಕಿ ನೋಡುತ್ತಿದ್ದಾನೆ ಎಂದು ತಾನು ಬೈದು ಬಂದದ್ದು, ಅಮ್ಮನ ಜೊತೆ ಆರು ವಾರ ಮಾತಾಡುತ್ತಿದ್ದ ಒಬ್ಬನೇ ಮನುಷ್ಯನನ್ನು!

* * *

ಅವನು ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ರಿಮೋಟೊಂದಕ್ಕೆ ಸೆಲ್ಲು ಹಾಕುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಮೊನ್ನೆ ನೀವೇನೋ ಹೇಳ್ತಿದ್ರಿ," ಎಂದಳು ಪುಟ್ಟಿ. "ನಾನು ಮುಗಿಸೋಕೆ ಬಿಡಲಿಲ್ಲ. ಈಗ ಹೇಳಿ. ನಾನು ಬಾಯಿ ಬಿಡಲ್ಲ."

ಅವನು ನಂಬದವನಂತೆ ನೋಡಿದ. ಅವಳು ಸ್ಟೂಲು ಎಳೆದುಕೊಂಡು ಕೂತೇಬಿಟ್ಟಳು.

"ನನಗೆ... ಚಿಕ್ಕಂದಿನಿಂದ... ಮಾ... ಮಾತು ಸಿಕ್ಕಿಹಾಕ್ಕೊಳ್ಳುತ್ತೆ," ಎಂದ, ಒಂದೊಂದೇ ಪದ ಎತ್ತಿಡುತ್ತ. "ಶಾಲೆಯಲ್ಲಿ ಎಲ್ಲರೂ ನನ್ನ ಮಾತು ಅವರೇ ಮುಗಿಸೋರು. ನಾನು ಹೇಳಬೇಕಂತಿದ್ದದ್ದು ಅದಲ್ಲ ಅನ್ನೋಕೂ ಬಿಡ್ತಿರಲಿಲ್ಲ. ಆಮೇಲೆ ಚಿಕ್ಕ ಮಾತು ಕಲಿತೆ. ಎರಡು ಪದ, ಮೂರು ಪದ. ಅಷ್ಟಾದ್ರೆ ಸಿಕ್ಕಲ್ಲ."

ಪುಟ್ಟಿಯ ಕಣ್ಣು ತುಂಬಿತು. ಅಹಂಕಾರ ಎಂದುಕೊಂಡಿದ್ದಳಲ್ಲ ಅದನ್ನು!

"ಆ ಮಾತು ಕೇಳೋ ರಿಮೋಟು... ಮೊದಲು ಬಂದಾಗ ನಾನೂ ಮನೇಲಿ ನೋಡಿದ್ದೆ. ನನಗೂ ಅದೇ ಹೇಳ್ತು. ಅರ್ಥವಾಗಲಿಲ್ಲ ಅಂತ. ಅದಕ್ಕೇ ಆವತ್ತು ಮೊದಲೇ ಬೇಡ ಅಂದೆ." ಅವನು ಉಸಿರು ತೆಗೆದುಕೊಂಡ. "ಅಂಗಡಿ ಖಾತೆ ಪರೀಕ್ಷೆಗೆ ಹಾಕಿದ್ದೆ. ಅಮ್ಮ ಕೈ ಹಿಡ್ಕೊಂಡ್ರು... ತೆಗೆಯೋದು ಮರೆತೆ. ಎರಡು ದಿನ ಆದ್ಮೇಲೆ ಗೊತ್ತಾಯ್ತು. ತೆಗೆಯೋಣ ಅಂತಿದ್ದೆ. ಅಷ್ಟರಲ್ಲಿ ಒಬ್ರು ಗಿರಾಕಿ ಅಮ್ಮನ ಸಿನಿಮಾನ ಮುಂದೆ ಓಡಿಸಿಬಿಟ್ರು. ಮಾರನೇ ದಿನ ನೋಡ್ತೀನಿ, ಅಮ್ಮ ಅದನ್ನ ವಾಪಸ್ ತಂದು, ಹಾಡಿಗೆ ನಿಲ್ಲಿಸಿದ್ರು. ನನಗೆ... ಯಾರೋ ಕರೆದಂಗಾಯ್ತು. ನಾನೂ ಒಂದು ಹಾಡಿಗೆ ನಿಲ್ಲಿಸಿದೆ."

"ನನಗೆ ಯಾಕೆ ಹೇಳಲಿಲ್ಲ?" ಬಾಯಿ ಬಿಡುವುದಿಲ್ಲ ಎಂದವಳು ಕೇಳಿಯೇಬಿಟ್ಟಳು.

"ಎರಡು ಸಲ ಬಂದೆ. ಕಣ್ಣು ಪರೀಕ್ಷೆಗೆ."

ಅಯ್ಯೋ ದೇವರೇ! ಆ ಎರಡು ದಿನ ತಾನು ಸಂಜೆಯವರೆಗೆ ನಕ್ಕದ್ದು ನೆನಪಾಗಿ ಪುಟ್ಟಿಯ ಕಿವಿ ಕೆಂಪಾಯಿತು.

"ತಪ್ಪಾಯ್ತು," ಎಂದಳು. "ನಿಮ್ಮ ಮಾತೂ ನಾನೇ ಆಡಿಬಿಟ್ಟೆ, ಅಮ್ಮನ ಮಾತೂ ನಾನೇ ಆಡ್ತಿದ್ದೆ. ಇವತ್ತು ಸುಮ್ಮನೆ ಕೂತೆ ನೋಡಿ... ಅಮ್ಮ ಮಾತಾಡಿದ್ರು."

ಅವನ ಕೈಯಿಂದ ಸೆಲ್ಲು ಜಾರಿ ನೆಲದ ಮೇಲೆ ಉರುಳಿತು. "ಏನಂದ್ರು?"

"'ಹುಡುಗ ಎಲ್ಲಿ' ಅಂದ್ರು."

ಆ ಉದ್ದನೆಯ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು.

"ಬರ್ತೀರಾ?" ಪುಟ್ಟಿ ಮೆಲ್ಲಗೆ ಕೇಳಿದಳು. "ಉತ್ತರ ನೀವೇ ಕೊಡಬೇಕು ಅವರಿಗೆ."

* * *

ಬಾಗಿಲಲ್ಲಿ ಅವನನ್ನು ಕಂಡ ಅಮ್ಮನ ಮುಖ ಅರಳಿತು. ಎಡಗೈ ಚಾಚಿ ಪಕ್ಕದಲ್ಲಿ ಕೂರಿಸಿಕೊಂಡರು. ಪುಟ್ಟಿ ತಾನೇ ರಿಮೋಟು ತೆಗೆದು ಅಂಗಡಿಯ ಖಾತೆಯನ್ನು ಮತ್ತೆ ಹಾಕಲು ಹೊರಟರೆ ಅವನು ತಡೆದ.

"ಬೇಡ ಮೇಡಂ. ಅದಕ್ಕಿಂತ ಮುಂಚೆ... ನಿಮಗೆ... ನಿ..."

ಮಾತು ಸಿಕ್ಕಿಕೊಂಡಿತು. ಅವನ ಕುತ್ತಿಗೆಯ ನರ ಉಬ್ಬಿತು. ಏನು ಹೇಳಲು ಹೊರಟಿದ್ದಾನೆ ಎಂಬುದು ಪುಟ್ಟಿಗೆ ಗೊತ್ತಿತ್ತು. ಈ ಸಲ ನಿಜವಾಗಿಯೂ ಗೊತ್ತಿತ್ತು! ನಾಲಿಗೆಯ ತುದಿಗೆ ಬಂದೂ ಆಗಿತ್ತು. ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ತುಟಿ ಕಚ್ಚಿ ನಿಂತಳು.

ಅವನು ನೆಲ ನೋಡಿದ, ಟಿವಿ ನೋಡಿದ, ಕೊನೆಗೆ ಅಮ್ಮನನ್ನು ನೋಡಿದ.

ಅಮ್ಮ ಅವನ ಬೆನ್ನ ಮೇಲೆ ಕೈಯಿಟ್ಟರು. ಅವರಿಗೂ ಹೊತ್ತು ಹಿಡಿಯಿತು. ಇಬ್ಬರೂ ಕಾದರು.

"ಹೇ... ಹೇಳು," ಎಂದರು ಅಮ್ಮ.

"ನನಗೆ ನೀವಂದ್ರೆ ಇಷ್ಟ," ಎಂದ ವೈರು. ಒಂದೇ ಉಸಿರಿಗೆ, ಎಲ್ಲೂ ಸಿಕ್ಕದೆ! "ಆವತ್ತು ಅಂಗಡಿಯಲ್ಲಿ ನೀವು ಜಗಳ ಆಡಿದ್ರಲ್ಲ, ನಮ್ಮಮ್ಮ ಮಾತಾಡ್ತಾರೆ ಅಂತ. ಆವತ್ತಿಂದ."

ಅಮ್ಮ ನಿಧಾನಕ್ಕೆ ಮಗಳ ಕಡೆ ತಿರುಗಿದರು. ಹುಬ್ಬು ಮೇಲೇರಿತು.

"ನೀ... ನೀನು?"

ಎಲ್ಲರ ಮಾತನ್ನೂ ಮುಗಿಸಿಕೊಡುತ್ತಿದ್ದ ಪುಟ್ಟಿಗೆ ತನ್ನ ಒಂದು ಮಾತು ಹೊರಡಲಿಲ್ಲ ನೋಡಿ! ಮುಖ ಕೆಂಪೇರಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು.

"ನಾ... ನಾನು..."

ಅಮ್ಮನೂ ಅವನೂ ಅವಳನ್ನೇ ನೋಡುತ್ತ ಕಾದರು.

"ನನಗೂ," ಎಂದಳು ಕೊನೆಗೆ. "ನನಗೂ ಇಷ್ಟ."

"ಕೇಳಿಸಲಿಲ್ಲ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ.

"ಸುಳ್ಳು ಹೇಳ್ತಿದ್ದೀರಾ!"

"ಹೂಂ. ಇನ್ನೊಂದ್ಸಲ ಹೇಳಿ."

"ಇಷ್ಟ ರೀ... ತುಂಬಾ ಇಷ್ಟ."